ಎದೆಗಾರಿಕೆ ಯಾರದು?

2012ನೇ ವರ್ಷ ಕನ್ನಡದಲ್ಲಿ ಬಂದ ಎರಡು ಚಿತ್ರಗಳನ್ನು ನಾವು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಬೇಕಾಗಿದೆ. ಒಂದು, ಓಂಪ್ರಕಾಶ್ ರಾವ್ ನಿರ್ದೇಶನದ, ದುನಿಯಾ ವಿಜಯ್ ನಾಯಕನಾಗಿರುವ 'ಭೀಮಾ ತೀರದಲ್ಲಿ'. ಇನ್ನೊಂದು, ಅಗ್ನಿ ಶ್ರೀಧರ್ ಕಾದಂಬರಿಯನ್ನು ಆಧರಿಸಿ ಸುಮನಾ ಕಿತ್ತೂರು ಮಾಡಿದ 'ಎದೆಗಾರಿಕೆ'. ಎರಡೂ ಕೊಲ್ಲುವವರ ಕಥೆ. ಎರಡರಲ್ಲೂ ಕೊಲ್ಲುವವನೇ ಕೊನೆಗೆ ಸಾವಿನ ಎದುರಿಗೆ ಬಂದು ನಿಲ್ಲುತ್ತಾನೆ. ಆದರೆ ಒಬ್ಬನಿಗೆ ಸಿಕ್ಕದ್ದು ಇನ್ನೊಬ್ಬನಿಗೆ ಸಿಗಲಿಲ್ಲ. ಏನು ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅನ್ನುವುದೇ ನಮ್ಮ ಮಾತು.

ಮೊದಲು ನಮ್ಮ ಸೀಮೆಯ ಚಿತ್ರದಿಂದಲೇ ಶುರು ಮಾಡೋಣ. 'ಭೀಮಾ ತೀರದಲ್ಲಿ' ಬಂದಾಗ ನಾವು ಶಾಲೆಗೆ ಹೋಗುವ ಹುಡುಗರು. ಆಗಿನ್ನೂ ನಮ್ಮ ಜಿಲ್ಲೆಯ ಹೆಸರು ಬಿಜಾಪುರ. 2014ರ ನವೆಂಬರಿನಲ್ಲಿ ಅದು ವಿಜಯಪುರ ಆಯಿತು. ಸರ್ಕಾರ ಕೊಟ್ಟ ಹೆಸರು ಬೋರ್ಡಿನ ಮೇಲೆ ಬಂತು, ಸಿನಿಮಾ ಕೊಟ್ಟ ಹೆಸರು ನಮ್ಮ ಬೆನ್ನಿಗೆ ಅಂಟಿತು. ಭೂತನಾಳದಿಂದ ಭೀಮಾ ನದಿ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಕಡೆ ಹರಿಯುವುದು ಡೋಣಿ. ನಮ್ಮೂರಿನ ಹೆಸರು ನಾಲ್ಕು ಮಂದಿಗೆ ಗೊತ್ತಿರುವುದು ಕೆರೆಯಿಂದ, ನಗರಕ್ಕೆ ಕುಡಿಯಲು ನೀರು ಕೊಟ್ಟ ಕೆರೆ ಅದು. ತಿಕೋಟಾ, ಬಬಲೇಶ್ವರದ ಕಡೆಗೆ ಹೋದರೆ ದ್ರಾಕ್ಷಿ ಪಡಗಳು, ಒಣದ್ರಾಕ್ಷಿ ಶೆಡ್ಡುಗಳು, ಅಲ್ಲಿ ದುಡಿಯುವ ನಮ್ಮ ಅವ್ವಂದಿರು. ಇದ್ಯಾವುದನ್ನೂ ಬೆಂಗಳೂರು ಕೇಳುವುದಿಲ್ಲ. ನಮ್ಮ ಹುಡುಗರು ಓದಲಿಕ್ಕೆ, ದುಡಿಯಲಿಕ್ಕೆ ಅಂತ ಅಲ್ಲಿಗೆ ಹೋಗಿ ಊರ ಹೆಸರು ಹೇಳಿದರೆ ಸಾಕು, "ಓ, ಭೀಮಾ ತೀರದವರಾ? ಪಿಸ್ತೂಲು ಎಲ್ಲಿಟ್ಟಿದ್ದೀರಾ?" ಅನ್ನುತ್ತಾರೆ. ಅನ್ನುವವರು ನಗುತ್ತಾರೆ. ಅನ್ನಿಸಿಕೊಂಡವರೂ ನಗಬೇಕು. ಬಾಡಿಗೆ ರೂಮು ಬೇಕಲ್ರಿ, ನಗದೇ ಏನ್ ಮಾಡೂದು?

ಇದು ಒಂದು ಚಿತ್ರದಿಂದ ಆದದ್ದಲ್ಲ ಅಂತ ನಮಗೂ ಗೊತ್ತು. ಚಿತ್ರ ಬರುವ ಮೊದಲೇ ಕ್ರೈಂ ಪತ್ರಿಕೆಗಳು ಈ ಸೀಮೆಯನ್ನು ಮಾರಿಕೊಂಡಿದ್ದವು. 'ಭೀಮಾ ತೀರದ ಹಂತಕರು' ಅನ್ನುವುದು ರವಿ ಬೆಳಗೆರೆ ಪುಸ್ತಕಕ್ಕೆ ಇಟ್ಟ ಹೆಸರು. ಆಮೇಲೆ ಅದು ಒಂದು ಪುಸ್ತಕದ ಹೆಸರಾಗಿ ಉಳಿಯದೆ ಒಂದು ಸೀಮೆಯ ಹೆಸರಾಯಿತು. ಟಿವಿಯವರು ಇವತ್ತಿಗೂ ಇಂಡಿ, ಚಡಚಣ, ಆಲಮೇಲದಲ್ಲಿ ಯಾವ ಜಗಳ ನಡೆದರೂ ಆ ಪದಗಳನ್ನೇ ಉರುಳಿಸುತ್ತಾರೆ. ತೆಲುಗಿನವರು ರಾಯಲಸೀಮೆಗೆ ಮಾಡಿದ್ದೂ ಇದನ್ನೇ. ಮಳೆಯಿಲ್ಲದ, ನೀರಿಲ್ಲದ ಆ ನೆಲವನ್ನು ಬಾಂಬು, ಸುಮೋ, ಬಿಳಿ ಅಂಗಿಯ ಸೀಮೆಯನ್ನಾಗಿ ತೋರಿಸಿ ಹೈದರಾಬಾದಿನಲ್ಲಿ ದುಡ್ಡು ಎಣಿಸಿಕೊಂಡರು. ಬರಗಾಲದ ಸೀಮೆಗಳ ಹಣೆಬರಹವೇ ಹೀಗೆ. ನಮ್ಮ ಹಸಿವು ಪರದೆಗೆ ಬೇಡ, ನಮ್ಮ ರಕ್ತ ಮಾತ್ರ ಬೇಕು.

ಚಿತ್ರಕ್ಕೆ ಮೂಲ ಚಂದಪ್ಪ ಹರಿಜನನ ಬದುಕು. 2000ದಲ್ಲಿ ಪೊಲೀಸರ ಗುಂಡಿಗೆ ಸತ್ತವನು. ಅವನನ್ನು ನಾವು ಹೊತ್ತು ಮೆರೆಸುವುದಿಲ್ಲ. ಕೊಲೆ ಕೊಲೆಯೇ. ಸತ್ತವರ ಮನೆಯಲ್ಲೂ ಹೆಂಡಿರು ಮಕ್ಕಳು ಇದ್ದರು. ಚಿತ್ರ ಅವನನ್ನು ರಾಕ್ಷಸ ಮಾಡಿಲ್ಲ, ಅನ್ಯಾಯಕ್ಕೆ ಸಿಡಿದವನು ಎಂದು ಅವನ ಪಕ್ಷ ವಹಿಸಿದೆ, ಅಷ್ಟರಮಟ್ಟಿಗೆ ಒಪ್ಪೋಣ. ಉಮಾಶ್ರೀಯವರಂಥ ದೊಡ್ಡ ನಟಿಯನ್ನು ಈ ನೆಲದ ಕಥೆಗೆ ಕರೆತಂದದ್ದನ್ನೂ ಒಪ್ಪೋಣ. ಆದರೆ ಹೆಸರನ್ನೊಮ್ಮೆ ನೋಡಿ. ಅವನ ಹೆಸರಿನ ಬಾಲದಲ್ಲಿರುವುದು ಮನೆತನವಲ್ಲ, ಜಾತಿ. ನಮ್ಮ ಕಡೆ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಸ್ತರರು ಮಗುವಿನ ಹೆಸರಿನ ಮುಂದೆ 'ಹರಿಜನ' ಅಂತ ಬರೆದು ಬಿಡುತ್ತಿದ್ದರು. ಅದೇ ಅಡ್ಡಹೆಸರಾಗಿ ರೇಷನ್ ಕಾರ್ಡಿಗೆ, ಎಫ್‌ಐಆರಿಗೆ, ಹೆಣದ ಪಂಚನಾಮೆಗೆ ಹೋಗುತ್ತಿತ್ತು. 1982ರಲ್ಲೇ ಕೇಂದ್ರ ಸರ್ಕಾರ ಜಾತಿ ಪ್ರಮಾಣ ಪತ್ರಗಳಲ್ಲಿ ಆ ಪದ ಬಳಸಬೇಡಿ ಎಂದು ಸೂಚನೆ ಕೊಟ್ಟಿತು. ಪದ ಹೋಗಲಿಲ್ಲ. ಪೋಸ್ಟರಿನ ಮೇಲೆ ನದಿಯ ಹೆಸರು ಬಂತು, ಆ ಅಡ್ಡಹೆಸರು ಬರಲಿಲ್ಲ. ಬಂದಿದ್ದರೆ ಈ ಹೆಸರು ಇವನಿಗೆ ಹ್ಯಾಂಗ ಬಂತು ಅಂತ ಯಾರಾದರೂ ಕೇಳುತ್ತಿದ್ದರು. ಆ ಒಂದು ಪ್ರಶ್ನೆ ಕೇಳಿದ್ದರೆ ಚಿತ್ರ ಬೇರೆಯೇ ಆಗುತ್ತಿತ್ತು.

ಚಿತ್ರ ತೆರೆಗೆ ಬಂದಾಗ ದೊಡ್ಡ ಜಗಳವೂ ಆಯಿತು. ಇದು ನನ್ನ ಪುಸ್ತಕದ ಕಥೆ ಎಂದು ಬೆಳಗೆರೆ, ಅಲ್ಲ ಎಂದು ಚಿತ್ರದವರು. ಟಿವಿಯಲ್ಲಿ, ಪತ್ರಿಕೆಯಲ್ಲಿ ದಿನಗಟ್ಟಲೆ ನಡೆಯಿತು. ಕಥೆಯ ಹಕ್ಕು ಯಾರದು ಎನ್ನುವ ಈ ವಾದವನ್ನು ಕೇಳುತ್ತಾ ನಮಗೆ ಅನ್ನಿಸುವುದು ಇಷ್ಟು. ಇಬ್ಬರೂ ಬರೆಯಬಲ್ಲವರು, ಇಬ್ಬರೂ ಮಾತಾಡಬಲ್ಲವರು, ಇಬ್ಬರಿಗೂ ವಕೀಲರಿದ್ದರು. ಬದುಕಿದವನು ಮಾತ್ರ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಸತ್ತ ದನದ ಚರ್ಮ ಯಾರಿಗೆ ಎಂದು ಊರಿನವರು ಜಗಳಾಡಿದ ಹಾಗೆ. ಫೂಲನ್ ದೇವಿಯ ಕಥೆ ನೆನೆಯಿರಿ. ಮಾಲಾ ಸೇನ್ ಪುಸ್ತಕವನ್ನು ಇಟ್ಟುಕೊಂಡು ಶೇಖರ್ ಕಪೂರ್ 1994ರಲ್ಲಿ 'ಬ್ಯಾಂಡಿಟ್ ಕ್ವೀನ್' ಮಾಡಿದಾಗ ಆಕೆ ಬದುಕಿದ್ದಳು. ನನ್ನ ಮೇಲಾದ ಅತ್ಯಾಚಾರವನ್ನು ನನ್ನನ್ನು ಕೇಳದೆ ತೋರಿಸಲಿಕ್ಕೆ ನೀವ್ಯಾರು ಎಂದು ಕೋರ್ಟಿಗೆ ಹೋದಳು. ಓದು ಬರಹ ಇಲ್ಲದ ಮಲ್ಲಾಹ ಹೆಣ್ಣುಮಗಳು ದೆಹಲಿಯ ಕೋರ್ಟಿನಲ್ಲಿ ಕೇಳಿದ ಪ್ರಶ್ನೆಯನ್ನು ನಮ್ಮ ಕನ್ನಡದಲ್ಲಿ ಕೇಳುವವರು ಯಾರೂ ಇರಲಿಲ್ಲ. ಚಂದಪ್ಪ ಸತ್ತು ಹನ್ನೆರಡು ವರ್ಷ ಆಗಿತ್ತು.

ಈಗ ಇನ್ನೊಂದು ಚಿತ್ರಕ್ಕೆ ಬರೋಣ. 'ಎದೆಗಾರಿಕೆ' ಒಳ್ಳೆಯ ಚಿತ್ರ. ಇದನ್ನು ನಾವು ಹಲ್ಲು ಕಚ್ಚಿಕೊಂಡು ಹೇಳುತ್ತಿಲ್ಲ, ಮನಸಾರೆ ಹೇಳುತ್ತಿದ್ದೇವೆ. ಗಂಡಸರ ಲಾಂಗು ಮಚ್ಚುಗಳ ಈ ಜಾತಿಯ ಚಿತ್ರದಲ್ಲಿ ಹೆಣ್ಣುಮಗಳೊಬ್ಬಳು ಕ್ಯಾಮೆರಾ ಹಿಂದೆ ನಿಂತಳು ಎನ್ನುವುದೇ ಒಂದು ಸಂಗತಿ. 1995ರ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ಬಂದು ಪಾತ್ರ ಮಾಡಿದ್ದರು. ಅಲ್ಲಿಂದ ಮುಂದೆ ಕನ್ನಡದ ಹುಡುಗರಿಗೆ ಲಾಂಗು ಹಿಡಿಯುವ ಭಂಗಿಯೇ ಒಂದು ಫ್ಯಾಷನ್ ಆಯಿತು. ಸುಮನಾ ಕಿತ್ತೂರು ಆ ಭಂಗಿಯನ್ನು ಒಡೆದರು. ಸೋನ ಮುಂಬೈ ಭೂಗತ ಲೋಕದ ಶೂಟರ್. ಅವನನ್ನು ಮುಗಿಸಿಬಿಡಿ ಎಂದು ಅವನ ಕಡೆಯವರೇ ಬೆಂಗಳೂರಿಗೆ ಹೇಳುತ್ತಾರೆ. ಬೆಂಗಳೂರಿನವರು ಅವನನ್ನು ಮಲೆನಾಡಿನ ಎಸ್ಟೇಟಿಗೆ ಕರೆದೊಯ್ಯುತ್ತಾರೆ. ಕೊಲ್ಲಬೇಕಾದವರೂ ಸಾಯಬೇಕಾದವನೂ ಒಂದೇ ಸೂರಿನಡಿ, ಒಂದೇ ಊಟ. ವಿಷಯ ಅವನಿಗೆ ಗೊತ್ತಾಗುತ್ತದೆ. ಆದಿತ್ಯ, ಅತುಲ್ ಕುಲಕರ್ಣಿ, ಅಚ್ಯುತ್ ಕುಮಾರ್ ಮೂವರೂ ಅಲ್ಲಿ ನಟಿಸುವುದಕ್ಕಿಂತ ಹೆಚ್ಚಾಗಿ ಕಾಯುತ್ತಾರೆ. ಸಾವು ಬರುತ್ತದೆ ಎಂದು ಗೊತ್ತಾದ ಮನುಷ್ಯ ಅದರ ಎದುರು ಹೇಗೆ ಕೂರುತ್ತಾನೆ, ಏನು ಮಾತಾಡುತ್ತಾನೆ, ಕೊಲ್ಲಬೇಕಾದವನ ಕಣ್ಣನ್ನು ಹೇಗೆ ನೋಡುತ್ತಾನೆ, ಇದೇ ಚಿತ್ರದ ಜೀವ. ಪಿಸ್ತೂಲಿಗಿಂತ ಮಾತು ಇಲ್ಲಿ ಹೆಚ್ಚು. ಕನ್ನಡದ ರೌಡಿ ಚಿತ್ರಗಳಲ್ಲಿ ಇದು ಅಪರೂಪ.

ಆದರೆ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಮುಂಬೈ ಬೆಂಗಳೂರಿನ ಕೊಲೆಗಾರನಿಗೆ ಸಾವಿನ ಬಗ್ಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ. ಮಳೆ, ಮೌನ, ಪ್ರೀತಿ, ತತ್ವ ಎಲ್ಲವೂ ಸಿಗುತ್ತವೆ. ಭೀಮಾ ತೀರದವನಿಗೆ ಸಿಗುವುದು ಓಟ, ಹಾಡು, ಫೈಟು, ಗುಂಡು. ಅವನಿಗೆ ಒಳಮನಸ್ಸು ಇದೆ. ಇವನಿಗೆ ಸಿಟ್ಟು ಮಾತ್ರ ಇದೆ. ಅವನು ಮನುಷ್ಯ, ಇವನು ಘಟನೆ. 2007ರ 'ಆ ದಿನಗಳು' ಚಿತ್ರವನ್ನೂ ಇದಕ್ಕೆ ಸೇರಿಸಿಕೊಳ್ಳಿ. ಕೆ. ಎಂ. ಚೈತನ್ಯ ನಿರ್ದೇಶನ, ಸಂಭಾಷಣೆಗೆ ಗಿರೀಶ ಕಾರ್ನಾಡರ ಕೈ, ಇಳಯರಾಜರ ಸಂಗೀತ. 1986ರಲ್ಲಿ ಕೊಲೆಯಾದ ಕೊತ್ವಾಲ ರಾಮಚಂದ್ರನನ್ನು ಯಾರು ಯಾಕೆ ಕೊಂದರು ಅನ್ನುವುದು ಅಲ್ಲಿ ಚರಿತ್ರೆಯ ಗತ್ತಿನಲ್ಲಿ ಬರುತ್ತದೆ. ಎರಡೂ ಚಿತ್ರಗಳ ಮೂಲ ಅಗ್ನಿ ಶ್ರೀಧರರ ಬರಹ. ಅವರು ಆ ಲೋಕದೊಳಗೆ ಇದ್ದು ಬಂದವರು, 'ದಾದಾಗಿರಿಯ ದಿನಗಳು' ಬರೆದವರು. ತಮ್ಮ ಕಥೆಯನ್ನು ತಾವೇ ಹೇಳಿಕೊಂಡರು. ಅದು ಅವರ ಯೋಗ್ಯತೆ, ನಮ್ಮ ತಕರಾರಿಲ್ಲ. ಆದರೆ ಬರೆಯಬಲ್ಲವನು ತನ್ನ ಕೊಲೆಗಳಿಗೂ ಒಂದು ಮನಸ್ಸು ಕೊಟ್ಟುಕೊಳ್ಳುತ್ತಾನೆ. ಬರೆಯಲಾರದವನ ಮನಸ್ಸನ್ನು ಬೇರೆಯವರು ಊಹಿಸುತ್ತಾರೆ, ಊಹಿಸಲು ಬೇಜಾರಾದಾಗ ಒಂದು ಫೈಟು ಹಾಕುತ್ತಾರೆ. ಒಂದೇ ಅಪರಾಧ, ಒಬ್ಬನಿಗೆ ಆತ್ಮಕಥೆ, ಇನ್ನೊಬ್ಬನಿಗೆ ಪಂಚನಾಮೆ. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಪಡೆದ ನಾವು ಪದ್ಯ ಯಾಕೆ ಬರೆಯುತ್ತೀರಿ ಎಂದು ಕೇಳುವವರಿಗೆ ಇದೇ ಉತ್ತರ. ಬರೆಯದಿದ್ದರೆ ನಮ್ಮನ್ನು ಪೊಲೀಸರು ಬರೆಯುತ್ತಾರೆ.

ಸಂಘಟಿತ ಅಪರಾಧ ಅಂದರೆ ಏನು? ಚಿತ್ರಗಳು ಹೇಳುವ ಪ್ರಕಾರ ಎರಡು ಗ್ಯಾಂಗು, ಹತ್ತು ಪಿಸ್ತೂಲು, ಹಳೆಯ ಸೇಡು. ಭೀಮಾ ತೀರದಲ್ಲಿ ನಡೆದದ್ದನ್ನು ಮನೆತನದ ಹಗೆ ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಹಗೆಗೂ ಅನ್ನ ಬೇಕು, ಬಂಡವಾಳ ಬೇಕು. ಹೊಲ ಯಾರ ಹೆಸರಿಗೆ, ಉಸುಕು ಯಾರ ಟ್ರಾಕ್ಟರಿಗೆ, ಚುನಾವಣೆಗೆ ಮಂದಿ ಯಾರು ಕೂಡಿಸುವುದು, ಸ್ಟೇಷನ್ನಿಗೆ ಯಾರ ಫೋನು ಹೋಗುವುದು, ಇವೆಲ್ಲ ಸೇರಿದರೆ ಅದು ಸಂಘಟನೆ. ಪಿಸ್ತೂಲು ಹಿಡಿಯುವವನು ಆ ಗಾಣದ ಕೊನೆಯ ಎತ್ತು. ಸಿನಿಮಾದವರು ಎತ್ತಿನ ಮುಖಕ್ಕೆ ಲೈಟು ಬಿಡುತ್ತಾರೆ, ಎಣ್ಣೆ ಯಾರ ಮನೆಗೆ ಹೋಯಿತು ಅಂತ ತೋರಿಸುವುದಿಲ್ಲ.

2023ರ ಜೂನಿನಲ್ಲಿ ಏನಾಯಿತು ನೋಡಿ. ಇದೇ ಭೀಮೆಯ ದಂಡೆ, ಕಲಬುರಗಿ ಜಿಲ್ಲೆ, ಜೇವರ್ಗಿ ತಾಲೂಕು. ನೆಲೋಗಿ ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೇಬಲ್ ಕಳ್ಳ ಉಸುಕಿನ ಟ್ರಾಕ್ಟರ್ ತಡೆಯಲು ಹೋದ. ಟ್ರಾಕ್ಟರ್ ಅವನ ಮೇಲೆಯೇ ಹರಿಯಿತು. ಸತ್ತ. ಅವನ ಕೈಯಲ್ಲಿ ಲಾಂಗು ಇರಲಿಲ್ಲ, ಡೈಲಾಗು ಇರಲಿಲ್ಲ. ನಮ್ಮ ಕಡೆ ಉಸುಕಿನ ಟ್ರಾಕ್ಟರ್ ಬಂದರೆ ದಾರಿ ಬಿಟ್ಟು ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಬುದ್ಧಿವಂತಿಕೆ. ಅವನು ದಾರಿ ಬಿಡಲಿಲ್ಲ. ಎದೆಗಾರಿಕೆ ಅನ್ನುವ ಪದವನ್ನು ನಾವು ಅವನಿಗೆ ಕೊಡುತ್ತೇವೆ. ಅವನ ಮೇಲೆ ಚಿತ್ರ ಯಾರು ಮಾಡುತ್ತಾರೆ? ಒಂದು ಟ್ರಾಕ್ಟರ್, ಒಬ್ಬ ಮನುಷ್ಯ, ಹತ್ತು ಸೆಕೆಂಡು. ಇದರಾಗ ಫೈಟ್ ಎಲ್ಲೈತಿ ಅಂತಾರ.

ಇನ್ನು ಎನ್‌ಕೌಂಟರ್. ನಮ್ಮ ಚಿತ್ರಗಳಲ್ಲಿ ಎನ್‌ಕೌಂಟರ್ ಅಂದರೆ ಶುಭಂ. ಗುಂಡು ಹಾರಿತು, ಕಥೆ ಮುಗಿಯಿತು, ದೀಪ ಹತ್ತಿತು. ನಿಜದಲ್ಲಿ ಕಥೆ ಅಲ್ಲಿಂದ ಶುರು. 2017ರ ಅಕ್ಟೋಬರಿನಲ್ಲಿ ಚಡಚಣದ ಕಡೆ ಒಬ್ಬನನ್ನು ಎನ್‌ಕೌಂಟರಿನಲ್ಲಿ ಕೊಂದೆವು ಎಂದು ಪೊಲೀಸರು ಹೇಳಿದರು. ಅವನ ತಮ್ಮ ಕಾಣೆಯಾದ. ಮರುವರ್ಷ ಸಿಐಡಿ ತನಿಖೆ ನಡೆದಾಗ ಪೊಲೀಸ್ ಅಧಿಕಾರಿಯೇ ಬಂಧನಕ್ಕೆ ಒಳಗಾದ. ಒಂದು ಗ್ಯಾಂಗಿನ ಕೆಲಸ ಯಾವುದು, ಕಾನೂನಿನ ಕೆಲಸ ಯಾವುದು ಎನ್ನುವ ಗೆರೆಯೇ ಅಳಿಸಿ ಹೋದ ಜಾಗ ಅದು. ನಿಜವಾದ ಕರಾಳ ಚಿತ್ರಕ್ಕೆ ವಸ್ತು ಅಲ್ಲಿದೆ. ಆದರೆ ಪೊಲೀಸ್ ಗುಂಡಿಗೆ ಶಿಳ್ಳೆ ಹೊಡೆಯುವುದನ್ನು ಪ್ರೇಕ್ಷಕರಿಗೆ ಕಲಿಸಿದವರು ಆ ಗುಂಡಿನ ಲೆಕ್ಕ ಕೇಳುವ ಚಿತ್ರ ಮಾಡುವುದು ಕಷ್ಟ.

ಅಷ್ಟಕ್ಕೂ ಭೀಮಾ ತೀರ ಅಂದರೆ ಏನು ಅಂತ ಈ ಚಿತ್ರದವರಿಗೆ ಒಮ್ಮೆ ಹೇಳಬೇಕಾಗಿದೆ. ಇದೇ ಹೊಳೆ ಮೇಲೆ ಪುಣೆಯ ಕಡೆ ಕೋರೆಗಾಂವ್ ದಾಟಿ ಬರುತ್ತದೆ. 1818ರ ಜನವರಿ 1ರಂದು ಅಲ್ಲಿ ಪೇಶ್ವೆಯ ಸೈನ್ಯದೆದುರು ನಿಂತು ಕಾದಿದ ಕಂಪನಿ ಪಡೆಯಲ್ಲಿ ಮಹಾರ್ ಸೈನಿಕರಿದ್ದರು. 1927ರ ಅದೇ ದಿನ ಬಾಬಾಸಾಹೇಬರು ಆ ಸ್ತಂಭದ ಬಳಿ ಹೋಗಿ ನಿಂತರು. ಇದೇ ಹೊಳೆ ಪಂಢರಪುರದಲ್ಲಿ ಬಾಗಿ ಚಂದ್ರಭಾಗಾ ಅನ್ನಿಸಿಕೊಳ್ಳುತ್ತದೆ. ಅಲ್ಲಿ ಚೋಖಾಮೇಳ ಗುಡಿಯ ಹೊರಗೆ ನಿಂತು ಹಾಡಿದ, ಅವನ ಸಮಾಧಿಯೂ ಮೆಟ್ಟಿಲ ಬಳಿಯೇ ಉಳಿಯಿತು. ಆ ಬಾಗಿಲು ನಮ್ಮವರಿಗೆ ತೆರೆದದ್ದು 1947ರಲ್ಲಿ, ಅದೂ ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಇದೇ ಹೊಳೆ ಕೆಳಗೆ ಕಲಬುರಗಿ ಜಿಲ್ಲೆಯ ಸನ್ನತಿಗೆ ಬರುತ್ತದೆ. ಅಲ್ಲಿ ಗುಡಿಯೊಂದರಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ 1980ರ ದಶಕದಲ್ಲಿ ಅಶೋಕನ ಶಾಸನಗಳು ಸಿಕ್ಕವು. ಕಳಿಂಗದ ಧೌಳಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳೇ ಇಲ್ಲಿಯೂ ಇವೆ. ಅದರಲ್ಲಿ ದೊರೆ ತನ್ನ ಅಧಿಕಾರಿಗಳಿಗೆ ಏನು ಹೇಳುತ್ತಾನೆ? ಪ್ರಜೆಗಳೆಲ್ಲ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎಂಬ ಅರ್ಥದ ಮಾತು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಪೊಲೀಸರಿಗೆ ಹೊರಡಿಸಿದ ಸುತ್ತೋಲೆ ಅದು, ಭೀಮಾ ತೀರದಲ್ಲೇ ಕಲ್ಲಿನ ಮೇಲೆ ಕೊರೆದದ್ದು. ಎನ್‌ಕೌಂಟರ್ ಮಾಡುವವರು ಓದಲಿ, ಮಾಡಿಸುವವರು ಓದಲಿ, ಅದಕ್ಕೆ ಶಿಳ್ಳೆ ಹೊಡೆಸುವವರೂ ಓದಲಿ.

ಕೊನೆಯದಾಗಿ ನೈತಿಕ ಧೈರ್ಯದ ಮಾತು. ಸೋನನ ಎದೆಗಾರಿಕೆ ಸಾಯುವ ಎದೆಗಾರಿಕೆ. ಚಂದಪ್ಪನದು, ಚಿತ್ರದ ಲೆಕ್ಕದಲ್ಲಿ, ಕೊಲ್ಲುವ ಎದೆಗಾರಿಕೆ. ಬದುಕಿಕೊಂಡೇ, ಅದೇ ಊರಲ್ಲಿ, ಅದೇ ಓಣಿಯಲ್ಲಿ ಓಡಾಡಿಕೊಂಡೇ ಸತ್ಯ ಹೇಳುವ ಎದೆಗಾರಿಕೆ ಎರಡರಲ್ಲೂ ಇಲ್ಲ. ಅದು ಎಲ್ಲಕ್ಕಿಂತ ಕಷ್ಟದ್ದು. 2021ರ ತಮಿಳಿನ 'ಜೈ ಭೀಮ್' ಅದನ್ನು ಹಿಡಿಯಿತು. ಲಾಕಪ್ಪಿನಲ್ಲಿ ಗಂಡನನ್ನು ಕಳೆದುಕೊಂಡ ಬಡ ಬುಡಕಟ್ಟಿನ ಹೆಣ್ಣು ರೊಕ್ಕವನ್ನು ತಳ್ಳಿ ಕೋರ್ಟಿನಲ್ಲಿ ಕೂರುತ್ತಾಳೆ. 1993ರ ನಿಜದ ಪ್ರಕರಣ ಅದು. ಅಲ್ಲೂ ಪೊಲೀಸರಿದ್ದಾರೆ, ಕೊಲೆ ಇದೆ, ಗುಟ್ಟಿದೆ, ಎದೆ ಹೊಡೆದುಕೊಳ್ಳುವ ಕುತೂಹಲ ಇದೆ. ವಕೀಲ ಕೊಂಚ ಹೀರೋ ಆದ ಅನ್ನುವುದು ನಮ್ಮ ತಕರಾರು. ಆದರೂ ಧೈರ್ಯ ಎಲ್ಲಿರುತ್ತದೆ ಎಂದು ಆ ಚಿತ್ರಕ್ಕೆ ಗೊತ್ತಿತ್ತು.

ಕನ್ನಡ ನೆಲದಲ್ಲಿ ಇದಕ್ಕೆ ವಸ್ತು ಇಲ್ಲವೇ? ಚಂದಪ್ಪ ಸತ್ತ 2000ದ ಇಸವಿಯಲ್ಲೇ, ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಸಾಕ್ಷಿಗಳು ತಿರುಗಿ ನಿಂತರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಹೇಡಿಗಳು ಎಂದು ನಾವು ಹೇಳಲಾರೆವು. ಕೂಲಿ ಕೊಡುವವನ ಎದುರು, ನೀರಿನ ದಾರಿಯಲ್ಲಿ ಸಿಗುವವನ ಎದುರು ಬೆರಳು ತೋರಿಸಿ ಇವನೇ ಅನ್ನಬೇಕಾದರೆ ಎಂಥ ಎದೆ ಬೇಕು! ಆ ಎದೆಯನ್ನು ಒಡೆಯುವುದೇ ಸಂಘಟಿತ ಅಪರಾಧದ ಮುಖ್ಯ ಕೆಲಸ. ಅದಕ್ಕೆ ಪಿಸ್ತೂಲೂ ಬೇಕಿಲ್ಲ, ಕೂಲಿ ನಿಲ್ಲಿಸಿದರೆ ಸಾಕು.

ಇನ್ನೊಂದು, ಕೊಪ್ಪಳ ಜಿಲ್ಲೆಯ ಮರಕುಂಬಿ. 2014ರ ಆಗಸ್ಟ್. ಜಗಳ ಎಲ್ಲಿ ಹುಟ್ಟಿತು ಗೊತ್ತೇನ್ರಿ? ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದಾಗ. ಅದು ಊರಿಗೆ ಬಂದು ದಲಿತರ ಮನೆಗಳಿಗೆ ಬೆಂಕಿಯಾಯಿತು. ಕಟಿಂಗ್ ಅಂಗಡಿಗೂ ಹೋಟೆಲಿಗೂ ನಮ್ಮವರನ್ನು ಬಿಡದಿದ್ದ ಊರು ಅದು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು, ಅದರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುಪಾಲು ಮಂದಿಗೆ ಜಾಮೀನೂ ಸಿಕ್ಕಿತು. ಅಂದರೆ ಸಾಕ್ಷಿ ಹೇಳಿದವರು ಮತ್ತೆ ಅದೇ ಊರಲ್ಲಿ, ಅದೇ ಮಂದಿಯ ನಡುವೆ ಬದುಕಬೇಕು. ನಾವು ಟಿಕೆಟ್ ಕೊಂಡು ಶಿಳ್ಳೆ ಹೊಡೆದ ಚಿತ್ರಮಂದಿರದ ಬಾಗಿಲಲ್ಲೇ ನಮ್ಮ ಚಿತ್ರದ ಕಥೆ ನಿಂತಿತ್ತು. ಒಳಗಿನ ಪರದೆ ಅದನ್ನು ನೋಡಲಿಲ್ಲ.

ನಾವು ಕೇಳುತ್ತಿರುವುದು ಭೀಮಾ ತೀರದ ಮೇಲೆ ಚಿತ್ರ ಮಾಡಬೇಡಿ ಎಂದಲ್ಲ. ಮಾಡಿ. ಕತ್ತಲೆಯನ್ನೇ ತೋರಿಸಿ. ಆದರೆ ಪಿಸ್ತೂಲು ಹಿಡಿದವನ ಹಿಂದೆ ಓಡುವ ಕ್ಯಾಮೆರಾ ಒಮ್ಮೆ ನಿಂತು, ದಿನಗೂಲಿ ಬಿಟ್ಟು ಬೆಳಗಿನ ಬಸ್ಸಿಗೆ ಕೋರ್ಟಿಗೆ ಹೋಗುವ ಹೆಣ್ಣುಮಗಳ ಹಿಂದೆ ಹೋಗಲಿ. ಮುಂದಿನ ತಾರೀಖು ಕೊಟ್ಟರು ಎಂದು ಆಕೆ ಸಂಜೆ ವಾಪಸು ಬರುವುದನ್ನು ತೋರಿಸಲಿ. ಬಸ್‌ಸ್ಟ್ಯಾಂಡಿನಲ್ಲಿ ಆರೋಪಿಯ ಕಡೆಯವನು ಚಹಾ ಕೊಡಿಸಲು ಬಂದು, "ಯಾಕವ್ವಾ, ಊರಾಗ ಇರಬೇಕಲ್ಲ?" ಎಂದು ಮೆತ್ತಗೆ ಕೇಳುವುದನ್ನು ತೋರಿಸಲಿ. ಆಕೆ ಚಹಾ ಕುಡಿಯದೇ ಬಸ್ಸು ಹತ್ತುತ್ತಾಳೋ ಇಲ್ಲವೋ, ಇದಕ್ಕಿಂತ ದೊಡ್ಡ ಥ್ರಿಲ್ಲರ್ ನಮಗೆ ಗೊತ್ತಿಲ್ಲ. ಆ ಚಿತ್ರ ಬಂದರೆ ಭೂತನಾಳದಿಂದ ನಾವು ಟಿಕೆಟ್ ತೆಗೆದುಕೊಂಡು ಬರುತ್ತೇವೆ. ಬರದಿದ್ದರೆ ನಮ್ಮ ಪೈಕಿ ಯಾರಾದರೂ ಅದನ್ನು ಬರೆಯಲಿಕ್ಕೆ ಕೂರಬೇಕು. ಅಕ್ಷರ ಕಲಿತವರಿಗೆ ಇರುವ ಸಾಲ ಅದು.